ಹೆಂಡತಿ ಬಿಟ್ಟುಹೋದ ಮನೆಗೆ ಕೋಳಿ ಕಡುಬು

ಡೆಲ್ಮರ್,

ಒಲೆಯ ಮೇಲೆ ಕೋಳಿ ಕಡುಬಿದೆ, ಬಿಸಿ ಮಾಡಿಕೊಂಡು ತಿನ್ನು. ನಾನು ಮಾಡಿದ್ದಲ್ಲ. ನಿನ್ನ ಹೊಸ ಆಲ್ಬಮ್ಮಿನ ಒಂದೊಂದು ಹಾಡಿನಲ್ಲೂ ಹೆಂಡತಿ ಬಿಟ್ಟುಹೋಗುತ್ತಾಳಲ್ಲ, ಅದನ್ನು ರೇಡಿಯೋದಲ್ಲಿ ಕೇಳಿ ಚರ್ಚಿನ ಹೆಂಗಸರು, ಕಷ್ಟ ಬಂದ ಮನೆಗೆ ತರುವ ಹಾಗೆ, ಪಾತ್ರೆಗಟ್ಟಲೆ ಅಡುಗೆ ಹೊತ್ತು ತಂದರು. ಬಾಗಿಲು ತೆಗೆದವಳು ನಾನೇ. ಅವರ ಮುಂದಾಳು ಆರ್ಡೆಲ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇರ್ಲಿ, ಇಟ್ಕೊಳಮ್ಮ, ಇವತ್ತಲ್ಲ ನಾಳೆ ಬೇಕಾಗುತ್ತೆ" ಅಂದಳು.

ನಾಯಿಗೆ ಹಾಕಬೇಡ. ಹಾಡಿನಲ್ಲಿ ಅದೂ ನನ್ನ ಹಿಂದೆ ಬಂದುಬಿಟ್ಟಿದೆ. ಇಲ್ಲಿ ನೋಡಿದರೆ ನಿನ್ನ ಕುರ್ಚಿ ಬಿಟ್ಟು ಏಳುವುದಿಲ್ಲ.

ಅವರ ಪಾತ್ರೆ ತೊಳೆದು ಕೊಟ್ಟುಬರಲು ಹೊರಟಿದ್ದೇನೆ. ಟ್ರಕ್ ಕಾಣಲಿಲ್ಲವೆಂದು ಇನ್ನೊಂದು ಹಾಡು ಕಟ್ಟಲು ಗಿಟಾರ್ ಎತ್ತಿಕೊಂಡು ಕೂರಬೇಡ.

ಆಲ್ಬಮ್ ಮಾತ್ರ ಚೆನ್ನಾಗಿದೆ. ನ್ಯಾಶ್‌ವಿಲ್ಲಿನ ಸ್ಟುಡಿಯೋಗಳ ಡ್ರಮ್ಮಿನ ಗಲಾಟೆಯಿಲ್ಲದೆ, ಬರೀ ಪಿಟೀಲು ಗಿಟಾರಿನಲ್ಲಿ, ನಿಮ್ಮಪ್ಪನ ಕಾಲದ ಹಾಗೆ ಹಾಡಿದ್ದೀಯ. ಹೆಂಡತಿ ಹೋದದ್ದಕ್ಕಲ್ಲ, ಅವಳು ಕಾಫಿ ಪಾತ್ರೆ ಒಯ್ದದ್ದಕ್ಕೆ ಗಂಡ ಅಳುವ ಹಾಡು ಕೇಳಿ ನಿನ್ನೆ ನಗು ತಡೆಯಲಾಗದೆ ರಸ್ತೆ ಪಕ್ಕ ಟ್ರಕ್ ನಿಲ್ಲಿಸಿದೆ. ಕೊನೆಯ ಸಾಲಿಗೆ ಕಣ್ಣೊರೆಸಿಕೊಂಡೆ. ಆರ್ಡೆಲ್‌ಗೆ ಹೇಳಬೇಡ.

ಮುಂದಿನ ಆಲ್ಬಮ್ಮಿನಲ್ಲಿ ನನ್ನನ್ನು ಸಾಯಿಸಿಬಿಡು. ಸಾವಿನ ಮನೆಗೆ ಅವಳು ಪೀಕನ್ ಬೀಜದ ಸಿಹಿ ಪೈ ತರುತ್ತಾಳೆ.

ಊಟದ ಹೊತ್ತಿಗೆ ಬರುತ್ತೇನೆ, ಕಡುಬು ಉಳಿಸಿರು.

ಬಿಟ್ಟುಹೋದವಳು,
ವರ್ನೆಲ್