ಹೊಲಿಗೆ ಅಜ್ಜಿಯ ಬಾವಿ ನೀರು

ಪೆಟ್ರೋಲ್ ಬಂಕಿನ ಹಿಂದಿನ ಮನೆ,
ಗುರುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ದಿನವಿಡೀ ಲಾರಿ ಓಡಿಸುವವನು ನಡುನಡುವೆ ಇಳಿದು ನಾಲ್ಕು ಹೆಜ್ಜೆ ನಡೆಯಬೇಕು ಅಂತ ಎಷ್ಟು ಸಲ ಬರೆದೆ. ನನ್ನ ಮಾತು ನಿನ್ನ ಕಿವಿಗೆ ಯಾವತ್ತು ಬಿದ್ದಿದೆ! ನಾನು ಚೆನ್ನಾಗಿದ್ದೇನೆ. ನಿನ್ನ ಭಾವ ಬಂಕಿನಲ್ಲಿ ಕೂತು ಕೂತು ಇನ್ನಷ್ಟು ದಪ್ಪಗಾಗಿದ್ದಾರೆ. ಈಗ ವಿಷಯಕ್ಕೆ ಬರುತ್ತೇನೆ, ಕೂತುಕೊಂಡು ಓದು. ಹೊಲಿಗೆ ಅಜ್ಜಿಯ ಬಾವಿ ನೀರು ಕುಡಿಯಬಹುದು ಅಂತ ನಿನ್ನೆ ಕಾಗದ ಬಂತು. ಸೀಲು, ಸಹಿ ಎಲ್ಲ ಇದೆ. ಅಡುಗೆಮನೆಯ ಬಾಗಿಲು ಹಾಕಿಕೊಂಡು ಮನಸಾರೆ ಅತ್ತೆ ಕಣೋ. ಒಂಬತ್ತು ವರ್ಷದ ಭಾರ ಇಳಿಯಿತು.

ಆಗ ಬಂಕು ನೋಡಿಕೊಳ್ಳುತ್ತಿದ್ದವನು ನೀನು. ನಮ್ಮ ನೆಲದಡಿಯ ಟ್ಯಾಂಕು ತೂತಾಗಿ, ಪೆಟ್ರೋಲ್ ಇಂಗಿ, ಹಿಂದಿನ ಬೀದಿಯ ಅಜ್ಜಿಯ ಬಾವಿಯಲ್ಲಿ ವಾಸನೆ ಬಂದ ದಿನ ನೀನು ಊಟ ಮುಟ್ಟಲಿಲ್ಲ. ನೀನೇ ನಿಂತು ಟ್ಯಾಂಕು ತೆಗೆಸಿದೆ, ನೆಂದ ಮಣ್ಣನ್ನೆಲ್ಲ ಅಗೆಸಿ ಸಾಗಿಸಿದೆ. ಇನ್ನೇನು ಮಾಡಲಿ ಎಂದು ಕೇಳಿದರೆ ನೀರು ಪರೀಕ್ಷೆಯವರು, ಇನ್ನು ಏನೂ ಮಾಡಬೇಡಿ, ಆಳದಲ್ಲಿ ಉಳಿದದ್ದನ್ನು ಮಣ್ಣಿನ ಸೂಕ್ಷ್ಮಜೀವಿಗಳೇ ತಿಂದು ಮುಗಿಸುತ್ತವೆ, ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡುತ್ತಾ ಕಾಯೋಣ ಅಂದರು. ನಿನಗೆ ರೇಗಿಹೋಯಿತು. "ತಪ್ಪು ಮಾಡ್ದೋನು ನಾನು, ತೊಳೆಯೋಕೆ ಹುಳಗಳಾ?" ಅಂದೆ. ಅಜ್ಜಿಯ ಮುಖ ನೋಡಲಾರದೆ, ಆ ನೀರು ಕುಡಿಯುವಂತಾಗುವವರೆಗೆ ಈ ಕಡೆ ಕಾಲಿಡುವುದಿಲ್ಲ ಅಂತ ಹೊರಟೇಬಿಟ್ಟೆ. ನಿನ್ನ ಹಟ ನಿನಗೆ. ಕಾಯುವ ಕೆಲಸ ನನ್ನ ತಲೆಗೆ ಬಂತು.

ನೀರು ಪರೀಕ್ಷೆಯವರನ್ನು ನಾನು ಬಾಟಲಿ ಮೇಷ್ಟ್ರು ಅನ್ನುತ್ತೇನೆ. ನಮ್ಮ ಅಂಗಳದಲ್ಲಿ ಹೂತಿಟ್ಟ ಕೊಳವೆಯಿಂದ ನೀರು ತೆಗೆದು ಸಣ್ಣ ಸಣ್ಣ ಬಾಟಲಿಗಳಲ್ಲಿ ಒಯ್ಯುತ್ತಿದ್ದರು. ವರ್ಷದಿಂದ ವರ್ಷಕ್ಕೆ ನೀರಿನಲ್ಲಿದ್ದ ಪೆಟ್ರೋಲಿನ ಅಂಕಿ ಇಳಿಯುತ್ತಾ ಬಂತು. ಹೋದ ವರ್ಷ ಇದ್ದಕ್ಕಿದ್ದಂತೆ ಏರಿಬಿಟ್ಟಿತು ನೋಡು! ನಿನಗೆ ಬರೆಯಲು ಧೈರ್ಯ ಬರಲಿಲ್ಲ. ಹೊಸ ಟ್ಯಾಂಕೂ ಸೋರುತ್ತಿದೆಯೇನೋ ಅಂತ ನಿನ್ನ ಭಾವನಿಗೆ ಜೀವ ಬಾಯಿಗೆ ಬಂದಿತ್ತು. ಪರೀಕ್ಷಿಸಿದರೆ ಗಟ್ಟಿಯಾಗಿತ್ತು. ಕೊನೆಗೆ ಮೇಷ್ಟ್ರು ಕೊಳವೆಯ ಮುಚ್ಚಳ ಮೂಸಿ ನನ್ನ ಕಡೆ ತಿರುಗಿದರು. ತುಕ್ಕು ಹಿಡಿದ ಮುಚ್ಚಳ ತೆಗೆಯಲು ಪಾಪ ಒದ್ದಾಡುತ್ತಾರಲ್ಲ ಅಂತ, ಅವರು ಬರುವ ಹಿಂದಿನ ದಿನ ನಾನೇ ನಾಲ್ಕು ಹನಿ ಡೀಸೆಲ್ ಬಿಟ್ಟಿದ್ದೆ. ಬಂಕಿನ ಮನೆಯಲ್ಲಿ ಹುಟ್ಟಿದವಳಿಗೆ ಇನ್ನೇನು ತೋಚುತ್ತದೆ? "ಅಮ್ಮಾ, ಎಂಟು ವರ್ಷ ಆ ಹುಳಗಳು ದುಡಿದಿದ್ದನ್ನ ನಾಲ್ಕು ಹನೀಲಿ ಕೆಡಿಸಿದ್ರಲ್ಲ!" ಅಂತ ತಲೆ ಚಚ್ಚಿಕೊಂಡರು. ನಾಚಿಕೆಯಿಂದ ಒಂದು ವಾರ ಯಾರಿಗೂ ಮುಖ ತೋರಿಸಲಿಲ್ಲ. ಕೊಳವೆ ಬದಲಿಸಿದರು. ಆಮೇಲೆ ಸತತ ನಾಲ್ಕು ಪರೀಕ್ಷೆಗಳಲ್ಲಿ, ಇಲ್ಲೂ ಅಜ್ಜಿಯ ಬಾವಿಯಲ್ಲೂ, ಏನೂ ಸಿಗಲಿಲ್ಲ.

ಮೈ ನೋಡಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ಭಾವ ಕೇಳಿದರೆಂದು ತಿಳಿ. ನಿನಗೆ ಎಲ್ಲ ಒಳ್ಳೆಯದಾಗಲಿ.

ನಿನ್ನ ಅಕ್ಕ

ಲಕೋಟೆ ಅಂಟಿಸುವ ಮೊದಲು ಇದೊಂದು: ಬಾವಿಯಿಂದ ಇನ್ನೂ ಒಂದು ಕೊಡವೂ ಸೇದಿಲ್ಲ. ಕಾಗದ ಬಂದ ಕೂಡಲೇ ಹಗ್ಗ, ಕೊಡ ಹಿಡಿದು ಓಡಿದ್ದೆ, ಅಜ್ಜಿ ಮುಟ್ಟಗೊಡಲಿಲ್ಲ. "ಮೊದಲ್ನೇ ಕೊಡ ಅವನೇ ಬಂದು ಸೇದ್ಲಿ. ಒಂಬತ್ ವರ್ಷ ನಲ್ಲಿ ನೀರನ್ನ ಬೈಕೊಂಡೇ ಕುಡ್ದಿದ್ದೀನಿ, ಅವನು ಬರೋವರೆಗೂ ಬೈಕೊಂಡಿರ್ತೀನಿ" ಅಂದರು. ಅವರಿಗೆ ಎಂಬತ್ತಾರು ದಾಟಿದೆ. ಬೇಗ ಬಾ.