ಹಿರಿಯರ ಎಡೆಗೆ ಹಚ್ಚಿದ ಬೀಡಿ

ಮದ್ದೂರು
17-2-2025

ಪ್ರೀತಿಯ ತಂಗಿ ಭಾಗ್ಯಲಕ್ಷ್ಮಿಗೆ ಅಣ್ಣನ ಆಶೀರ್ವಾದ.

ನಾವಿಲ್ಲಿ ಇದ್ದಂತೆ ಇದ್ದೇವೆ. ಹಲಗೂರಿನಲ್ಲಿ ನೀವೆಲ್ಲ ಸೌಖ್ಯವೆಂದು ನಂಬಿದ್ದೇನೆ. ಮೂರು ವಾರದಿಂದ ನಿನ್ನ ಫೋನು ಎತ್ತಲಿಲ್ಲ, ತಪ್ಪಾಯಿತು. ನಿನ್ನ ದನಿ ಕೇಳಿದರೆ ನನಗೆ ಬಾಯಿ ಕಟ್ಟುತ್ತದೆ, ಅದಕ್ಕೇ ಕಾಗದ.

ವಿಷಯ ಬೀಡಿಯದು. ನಗಬೇಡ. ಒಂದೂವರೆ ವರ್ಷದ ಹಿಂದೆ ನಿನ್ನ ಸ್ಟೆಮ್ ಸೆಲ್ ತೆಗೆದು ನನಗೆ ಹಾಕಿ, ರಕ್ತದ ಕ್ಯಾನ್ಸರಿನಿಂದ ನಾನು ಎದ್ದು ಕೂತಾಗ ಡಾಕ್ಟರು ಹೇಳಿದ್ದು ನಿನಗೂ ಗೊತ್ತು: ಇನ್ನು ಹೊಗೆ ಮುಟ್ಟಿದರೆ ಶ್ವಾಸಕೋಶ ಕೈಕೊಡುತ್ತದೆ. ಹದಿನಾಲ್ಕು ತಿಂಗಳು ಮುಟ್ಟಲಿಲ್ಲ. ಆಮೇಲೆ ಮಹಾಲಯ ಅಮಾವಾಸ್ಯೆ ಬಂತು.

ಅಪ್ಪನ ಎಡೆಗೆ ಮುದ್ದೆ, ಬಾಡಿನ ಸಾರು, ಪಕ್ಕದಲ್ಲಿ ಹಚ್ಚಿದ ಬೀಡಿ ಇಡಬೇಕಲ್ಲ. ಹಚ್ಚುವುದು ಹಿರಿಮಗನ ಕೆಲಸ. ಬೀಡಿ ಊದುಬತ್ತಿಯಲ್ಲ, ಬಾಯಲ್ಲಿಟ್ಟು ಎಳೆಯದೆ ಸರಿಯಾಗಿ ಹತ್ತುವುದಿಲ್ಲ. ಒಂದು ದಮ್ಮು ಎಳೆದು ಅಪ್ಪನ ಫೋಟೋದ ಮುಂದಿಟ್ಟೆ. ಆಗ, ತಾತ ಏನು ಪಾಪ ಮಾಡಿದ್ದ ಅನ್ನಿಸಿತು. ಅವನಿಗೊಂದು. ದೊಡ್ಡಪ್ಪ ಚಿಕ್ಕಬೋರಯ್ಯನಿಗೊಂದು. ಎಲೆಅಡಿಕೆ ಬಿಟ್ಟು ಬೇರೇನೂ ಮುಟ್ಟದ ಅಜ್ಜಿ ಬೆಳ್ಳಮ್ಮನಿಗೂ ಒಂದು ಹಚ್ಚಿದೆ. ಕಟ್ಟಿನಲ್ಲಿ ಉಳಿದದ್ದನ್ನು ಎಸೆಯಲು ಮನಸ್ಸಾಗದೆ ಕೊಟ್ಟಿಗೆಯ ಹಿಂದೆ ಮುಗಿಸಿದೆ. ಮಾರನೆಯ ವಾರದಿಂದ ನಾನೇ ಕಟ್ಟು ತರತೊಡಗಿದೆ.

ಹೋದ ಬುಧವಾರ ನಿನ್ನ ಅತ್ತಿಗೆ ಯಶೋದ ಕೊಟ್ಟಿಗೆಯ ಹಿಂದೆಯೇ ನನ್ನನ್ನು ಹಿಡಿದಳು. ಸೊಂಟದ ಮೇಲೆ ಕೈಯಿಟ್ಟು, "ಸತ್ತೋರ್ಗೆ ಎಡೆ ಇಡ್ತಿದ್ದೀಯೋ, ಇಲ್ಲ ನೀನೇ ಅವರ ಪಕ್ಕ ಎಲೆ ಆಕ್ಕೊಂಡು ಕೂರಾಕೆ ಒಂಟಿದ್ದೀಯೋ?" ಅಂದಳು.

"ಇರೀಕರು ಕೇಳುದ್ರು ಕಣಮ್ಮಿ" ಅಂದೆ.

"ಅಂಗಾರೆ ಆ ಇರೀಕರ್ನೂ ಡಾಕ್ಟ್ರ ತಾವ್ಕೆ ಕರ್ಕೊಂಡು ನಡಿ" ಅಂದವಳು ನನ್ನನ್ನು ಬಸ್ಸು ಹತ್ತಿಸಿಯೇಬಿಟ್ಟಳು.

ಡಾಕ್ಟರು ಬೈಯಲಿಲ್ಲ, ಅದೇ ಕಷ್ಟವಾಯಿತು. ಊದುವ ಪರೀಕ್ಷೆ ಮಾಡಿಸಿ, "ಹೋದ ಉಸಿರು ಹೋಯ್ತು ಸಿದ್ದರಾಮು. ಇವತ್ತೇ ಬಿಟ್ಟರೆ ಇರೋದು ಉಳೀಬಹುದು" ಅಂದರು. ಬಿಟ್ಟು ಐದು ದಿನವಾಯಿತು. ಯಶೋದ ಗಂಟೆಗೊಮ್ಮೆ ನನ್ನ ಬಾಯಿ ಮೂಸುತ್ತಾಳೆ. ಮದುವೆಯಾದ ಹೊಸತರಲ್ಲೂ ಅವಳು ಇಷ್ಟು ಹತ್ತಿರ ಬಂದವಳಲ್ಲ.

ನೀನೂ ಮಕ್ಕಳೂ ನೂರು ಕಾಲ ತಣ್ಣಗಿರಿ.

ನಿನ್ನ ಅಣ್ಣ
ಸಿದ್ದರಾಮು

ವಿ.ಸೂ.: ಬರೆಯಬೇಕಾದದ್ದನ್ನೇ ಬಿಟ್ಟಿದ್ದೆ. ಹೋದ ತಿಂಗಳು ನನ್ನ ಉಸಿರು ಇಳಿದಾಗ, ತಂಗಿ ಕೊಟ್ಟ ಕಣಗಳೇ ನನ್ನ ಶ್ವಾಸಕೋಶವನ್ನು ಪರರದೆಂದು ತಿಳಿದು ಅದರ ಮೇಲೆ ಬಿದ್ದಿರಬಹುದು ಅಂತ ಡಾಕ್ಟರು ಅಂದರಲ್ಲ, ನೀನು ಪಕ್ಕದಲ್ಲೇ ಇದ್ದೆ. "ನನ್ನ ರಕ್ತವೇ ನಮ್ಮಣ್ಣನ್ನ ತಿಂತಾ ಅದೆ" ಅಂತ ನೆಲಕ್ಕೆ ಕುಸಿದು ಅತ್ತೆ. ಬೀಡಿ ಸೇದಿದಿರಾ ಅಂತ ಡಾಕ್ಟರು ನಿನ್ನೆದುರೇ ನನ್ನನ್ನು ಕೇಳಿದರು. ನಿನ್ನ ಅಳು ನೋಡುತ್ತಾ ನಿಂತೇ "ಇಲ್ಲ" ಅಂದೆ. ಆವತ್ತಿನಿಂದ ಪ್ರತಿ ಸೋಮವಾರ ಉಪವಾಸವಿದ್ದು ವೈದ್ಯನಾಥಪುರದ ಶಿವನ ಗುಡಿಗೆ ಬಂದು ತಪ್ಪುಕಾಣಿಕೆ ಹಾಕುತ್ತೀಯಂತೆ. ಇವತ್ತೂ ಸೋಮವಾರ. ನಿನ್ನ ರಕ್ತದ್ದು ಏನೂ ತಪ್ಪಿಲ್ಲ ತಂಗಿ, ಬೀಡಿಯ ವಿಷಯ ಕೇಳಿದ ಮೇಲೆ ಈಗ ಡಾಕ್ಟರೂ ಅದನ್ನೇ ಹೇಳಿದರು. ಊಟ ಮಾಡು.