ಎದ್ದು ನಿಂತು ಓದುವ ಪುಟ

ಟ್ಯೂಬಿಂಗನ್, ಜರ್ಮನಿ,
10 ಜನವರಿ 1949

ಪ್ರೀತಿಯ ಜಿಗ್ಮಸ್ ಅಣ್ಣಾ,

ಬೆನ್ನುನೋವು ಹೇಗಿದೆ? ಕೆನಡಾದಲ್ಲಿ ಮರ ಕಡಿಯುವವರಿಗೆ ಮೂರು ಹೊತ್ತೂ ಹಂದಿಮಾಂಸ ಬಡಿಸುತ್ತಾರೆಂದು ಬರೆದಿದ್ದೆಯಲ್ಲ. ಇಲ್ಲಿ ಟರ್ನಿಪ್ ಗೆಡ್ಡೆಯ ಸಾರು ಕುಡಿಯುವವರ ಹೊಟ್ಟೆ ಉರಿಸಬೇಡ ಮಾರಾಯ. ನಾನು ಚೆನ್ನಾಗಿದ್ದೇನೆ.

ನಮ್ಮ ಲಿಥುವೇನಿಯನ್ ವಿದ್ಯಾರ್ಥಿ ಸಂಘದ ಇತಿಹಾಸ ಬರೆಯುವ ಕೆಲಸ, ಕಾರ್ಯದರ್ಶಿ ಅಂತ ನನ್ನ ತಲೆಗೇ ಬಿತ್ತು. ಎಲ್ಲರೂ ಅಮೆರಿಕ, ಆಸ್ಟ್ರೇಲಿಯಾ ಅಂತ ಚದುರುವ ಮುಂಚೆ ಪುಸ್ತಕ ಆಗಬೇಕಂತೆ. ಮೊದಲ ಅಧ್ಯಕ್ಷನೆಂದು ನಿನ್ನ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿಸು ಅಂದಿದ್ದೆಯಲ್ಲ, ಹಾಗೇ ಬರೆದಿದ್ದೆ. ನಲವತ್ತಾರರ ಚಳಿಗಾಲದಲ್ಲಿ ಒಂದು ಒಲೆಯ ಸುತ್ತ ಹನ್ನೊಂದು ಜನ ಸೇರಿದ್ದು, ಓವರ್‌ಕೋಟ್ ಇದ್ದವನು ನೀನೊಬ್ಬನೇ ಆದ್ದರಿಂದ ನಿನ್ನನ್ನೇ ಅಧ್ಯಕ್ಷನನ್ನಾಗಿ ಮಾಡಿದ್ದು, ಯಾವುದನ್ನೂ ಬಿಟ್ಟಿರಲಿಲ್ಲ. ಪಾಪ, ಆ ಹನ್ನೊಂದರಲ್ಲಿ ಒಬ್ಬನಾದ ರಾಪೋಲಸ್ ಅದೇ ಕೋಟು ಹೊದ್ದು ಕ್ಷಯದಿಂದ ತೀರಿಕೊಂಡದ್ದನ್ನೂ ಬರೆದಿದ್ದೆ.

ಅಷ್ಟರಲ್ಲಿ ಪುನ್ಸ್ಕದಿಂದ ಚಿಕ್ಕಮ್ಮನ ಕಾಗದ ಬಂತು. ಅವಳು ಗಡಿಯ ಈಚೆ, ಪೋಲೆಂಡಿನ ಕಡೆ ಇರುವುದರಿಂದ ಅಮ್ಮನ ಸುದ್ದಿ ಹೇಗೋ ಅವಳನ್ನು ತಲುಪುತ್ತದೆ. ಹೋದ ಮೇ ತಿಂಗಳಲ್ಲಿ ಮಕ್ಕಳು ದೇಶ ಬಿಟ್ಟು ಓಡಿದರೆಂದು ನಮ್ಮೂರಿನ ಆರು ಮನೆಯವರನ್ನು ರಷ್ಯನ್ನರು ಲಾರಿ ಹತ್ತಿಸಿ ಸೈಬೀರಿಯಾಕ್ಕೆ ಸಾಗಿಸಿದರಂತೆ. ಅಮ್ಮನ ಬಾಗಿಲಿಗೂ ಬಂದು ಮಕ್ಕಳೆಲ್ಲಿ ಎಂದು ಕೇಳಿದ್ದಾರೆ. "ಜರ್ಮನೀಲಿ ಜ್ವರ ಬಂದು ಇಬ್ರೂ ಹೋದ್ರು. ಇನ್ಯಾರನ್ನ ಹುಡುಕ್ತೀರಿ?" ಅಂದಳಂತೆ ನಮ್ಮಮ್ಮ. ಬರೆದುಕೊಂಡು ಹೋದರಂತೆ. ಆ ಸುಳ್ಳು ಬಯಲಾದರೆ ಮುಂದಿನ ಲಾರಿ ಅವಳಿಗೇ ಅಣ್ಣಾ.

ಈ ಪುಸ್ತಕ ಯಾರ ಕೈ ಸೇರುತ್ತದೋ ಏನೋ. ನಮ್ಮ ಹೆಸರುಗಳನ್ನು ಅಳಿಸಿಬಿಡೋಣವೆಂದರೆ ಸಂಘದ ಪ್ರತಿ ಫೋಟೊದಲ್ಲೂ ಎದೆಯುಬ್ಬಿಸಿ ನಿಂತವನು ನೀನೇ. ಯೋಚಿಸಿ ಯೋಚಿಸಿ, ತೀರಿಕೊಂಡ ಸದಸ್ಯರ ಪುಟದಲ್ಲಿ ರಾಪೋಲಸ್‌ನ ಕೆಳಗೆ ನಮ್ಮಿಬ್ಬರನ್ನೂ ಬರೆದೆ. ಇತಿಹಾಸ ಬರೆದವರು ಯಾರು ಎಂಬ ಜಾಗ ಖಾಲಿ ಬಿಟ್ಟೆ. ಈಗಿನ ಅಧ್ಯಕ್ಷ ಪೊವಿಲಸ್ ಕೆಂಡವಾದ. "ಬದುಕಿರೋರನ್ನ ರಾಪೋಲಸ್ ಪಕ್ಕ ಮಲಗಿಸ್ತೀಯಾ? ನಾಚಿಕೆ ಆಗಲ್ವಾ ನಿಂಗೆ?" ಅಂದ. ಆಗುತ್ತದೆ ಅಂದೆ, ಚಿಕ್ಕಮ್ಮನ ಕಾಗದವನ್ನು ಅವನ ಕೈಗಿಟ್ಟೆ. ಎರಡು ಸಲ ಓದಿದ.

ಆ ಪುಟವನ್ನು ಕೂತು ಓದುವ ಪದ್ಧತಿ ನಮ್ಮಲ್ಲಿಲ್ಲವಲ್ಲ. ನಿನ್ನೆ ಬೆಳಿಗ್ಗೆ ಕರಡು ತಿದ್ದುವಾಗ ನಾವಿಬ್ಬರೇ ಇದ್ದರೂ ಪೊವಿಲಸ್ ಎದ್ದು ನಿಂತ, ನಾನೂ ನಿಂತೆ. ರಾಪೋಲಸ್, ನೀನು, ಆಮೇಲೆ ನಾನು. ನನ್ನ ಹೆಸರು ಕೇಳಿ ಮೇಜು ಹಿಡಿದುಕೊಂಡೆ. ಓದಿ ಮುಗಿಸಿದವನು ಮುಖ ಎತ್ತದೆ, "ಊರು, ತಾರೀಕು ಎಲ್ಲಾ ಹಾಕು. ಸಾಯೋದಾದ್ರೆ ಸರಿಯಾಗಿ ಸಾಯ್ಬೇಕು" ಅಂದ. ಹಾಕಿದ್ದೇನೆ. ಹೋದ ವರ್ಷ ನೀನು ಫೆಬ್ರುವರಿಯಲ್ಲಿ ಹೋದೆ, ನಾನು ಮಾರ್ಚಿನಲ್ಲಿ.

ನಿನ್ನನ್ನು ಕೇಳದೆ ಮಾಡಿದೆ. ಬೈದು ಬರೆ, ಬೇಜಾರಿಲ್ಲ. ಬೀಳುವ ಮರಗಳ ಕೆಳಗೆ ದೇವರು ನಿನ್ನನ್ನು ಕಾಯುತ್ತಿರಲಿ.

ನಿನ್ನ ತಂಗಿ,
ಗೆನೊವೈತೆ

ತಾ.ಕ.: ಅಂಚೆಗೆ ಹೊತ್ತಾಯಿತು. ಫೆಬ್ರುವರಿಯಲ್ಲಿ ಅಮ್ಮನ ಹೆಸರಿನ ದಿನಕ್ಕೆ, ಅವಳ ಸಂತಳ ಹಬ್ಬಕ್ಕೆ, ನೇರವಾಗಿ ಅವಳಿಗೇ ಕಾಗದ ಬರೆದು, ಕೊಡಲಿ ಹಿಡಿದು ನಿಂತ ಫೋಟೊ ಇಟ್ಟು ಕಳಿಸುತ್ತೇನೆ ಅಂದಿದ್ದೆಯಲ್ಲ. ಇನ್ನೂ ಅಂಚೆಗೆ ಹಾಕಿಲ್ಲ ತಾನೆ? ಒಲೆಗೆ ಹಾಕಿಬಿಡು ಅಣ್ಣಾ, ಸುಟ್ಟೆ ಅಂತ ನನಗೆ ತಂತಿ ಕೊಡು. ಹೋದ ನವೆಂಬರಿನಲ್ಲಿ, ಸತ್ತವರ ದಿನ, ಅಮ್ಮ ಸ್ಮಶಾನಕ್ಕೆ ಹೋಗಿ ಊರೆಲ್ಲ ನೋಡುವಂತೆ ನಮ್ಮಿಬ್ಬರ ಹೆಸರಿಗೂ ಮೇಣದಬತ್ತಿ ಹಚ್ಚಿ ಬಂದಿದ್ದಾಳೆ.